ಬಾಯಿ ಬೇರಿನಲ್ಲಿದೆ ಎಂದ ಮುದುಕನ ಜೊತೆ ನನ್ನ ತಕರಾರು

ಆಕ್ಲೆಂಡ್ ವಿಮಾನ ನಿಲ್ದಾಣ

ನನ್ನ ಎಪ್ಪತ್ತೊಂದು ವರ್ಷದಲ್ಲಿ ಒಬ್ಬ ಆಫೀಸರು ನನ್ನ ಚಪ್ಪಲಿ ತೊಳೆದುಕೊಟ್ಟದ್ದು ನ್ಯೂಜಿಲೆಂಡಿನಲ್ಲಿ ಮಾತ್ರ. ಇದನ್ನು ಕೇಳಿದವರೆಲ್ಲ ಆಹಾ, ಎಂಥ ದೇಶ ಎನ್ನುತ್ತಾರೆ. ಆಹಾ ಅನ್ನುವುದಕ್ಕೆ ಅಲ್ಲೇನೂ ಇರಲಿಲ್ಲ. ಅವನು ತೊಳೆದದ್ದು ನನ್ನ ಮೇಲಿನ ಗೌರವಕ್ಕಲ್ಲ, ನಮ್ಮೂರ ಮಣ್ಣಿನ ಮೇಲಿನ ಅಸಹ್ಯಕ್ಕೆ.

ಆದದ್ದು ಇಷ್ಟು. ವಿಮಾನದಲ್ಲಿ ಒಂದು ಕಾಗದ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಮೈಸೂರಿನ ಹುಡುಗಿ ತುಂಬಿಕೊಟ್ಟಳು. ‘ತೋಟ, ಹೊಲ, ಫಾರಂನಲ್ಲಿ ಓಡಾಡಿದ್ದೀರಾ ಆಂಟಿ?’ ಎಂದು ಕೇಳಿದಳು. ನಾನು ರಾಮನಗರದ ಕಡೆಯ ಸರ್ಕಾರಿ ಮಾವಿನ ಫಾರಂನಲ್ಲಿ ಮೂವತ್ತೆಂಟು ವರ್ಷ ಕಸಿ ಕಟ್ಟಿದವಳು. ಓಡಾಡದೆ ಆಕಾಶದಲ್ಲಿ ಹಾರಾಡಿದೆನೇ? ಹೌದು ಎಂದೆ. ಆ ಒಂದು ಹೌದಿಗೆ ನನ್ನನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿದರು. ಪೆಟ್ಟಿಗೆ ಬಿಚ್ಚಿಸಿದರು. ಚಟ್ನಿಪುಡಿಯನ್ನು ಮೂಸಿ ನೋಡಿ ವಾಪಸ್ಸು ಇಟ್ಟರು. ಚಪ್ಪಲಿಯನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ, ಅಟ್ಟೆಯ ಸಂದಿನಲ್ಲಿ ಕಡಲೆಕಾಳಿನಷ್ಟು ಇದ್ದ ಮಣ್ಣನ್ನು ನನಗೇ ತೋರಿಸಿದರು. ಆಮೇಲೆ ಒಳಗೆ ತೆಗೆದುಕೊಂಡು ಹೋಗಿ, ತಿಕ್ಕಿ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದುಕೊಟ್ಟರು. ಅಷ್ಟು ಹೊತ್ತೂ ನಾನು ಬರಿಗಾಲಲ್ಲಿ ತಣ್ಣನೆಯ ಕಲ್ಲಿನ ಮೇಲೆ ನಿಂತಿದ್ದೆ. ನನ್ನ ಪಾದವನ್ನು ಯಾರೂ ನೋಡಲಿಲ್ಲ.

‘ಮಣ್ಣಲ್ಲಿ ರೋಗ ಇರುತ್ತಂತೆ ಆಂಟಿ’ ಎಂದಳು ಮೈಸೂರಿನ ಹುಡುಗಿ.

‘ನಿಮ್ಮ ದೇಶದ ಮಣ್ಣಲ್ಲಿ ಇಲ್ವಾ ಅಂತ ಕೇಳು’ ಎಂದೆ. ಅವಳು ಕೇಳಲಿಲ್ಲ. ಈಗಿನ ಹುಡುಗಿಯರಿಗೆ ಆಫೀಸರ ಮುಂದೆ ಬಾಯಿ ಬರುವುದಿಲ್ಲ.

ಮನುಕಾವ್, ಮಗಳ ಮನೆ

ನನ್ನ ಮಗಳು ಸುಜಾತ ನರ್ಸು. ಬೆಂಗಳೂರಿನಲ್ಲಿ ಓದಿ, ಮದುವೆಯಾಗಿ, ಹದಿನೆಂಟು ವರ್ಷದ ಹಿಂದೆ ಅಲ್ಲಿಗೆ ಹೋದಳು. ಅಳಿಯ ಮಂಜುನಾಥ ಈಸ್ಟ್ ತಮಾಕಿ ಎಂಬಲ್ಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಕಾರು ಓಡಿಸುತ್ತಾನೆ, ಮಾತಾಡುವುದಿಲ್ಲ. ಒಬ್ಬಳೇ ಮಗಳು ನಿಧಿ. ಹದಿನೇಳು ವರ್ಷ, ಸ್ಕೂಲಿನ ಕೊನೆಯ ತರಗತಿ.

ಮನೆ ಮರದ್ದು. ಹೊರಗಿನಿಂದ ನೋಡಲು ಚೆಂದ. ಒಳಗೆ ಕಾಲಿಟ್ಟರೆ ಹೊರಗಿಗಿಂತ ಚಳಿ. ನಮ್ಮಲ್ಲಿ ಶ್ರಾವಣ ನಡೆಯುತ್ತಿದ್ದರೆ ಅಲ್ಲಿ ಕೊರೆಯುವ ಕಾಲ. ಗೋಡೆ ಬೆವರುತ್ತದೆ, ಕಿಟಕಿಯ ಒಳಗಡೆ ನೀರು ಇಳಿಯುತ್ತದೆ, ಬೆಳಿಗ್ಗೆ ಎದ್ದು ಅದನ್ನು ಬಟ್ಟೆಯಲ್ಲಿ ಒರೆಸುವುದೇ ಒಂದು ಕೆಲಸ. ಇಡೀ ಮನೆಗೆ ಒಂದೇ ಹೀಟರು, ಅದೂ ಹಾಲಿನಲ್ಲಿ. ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ಮಲಗುತ್ತಾರೆ. ಇಷ್ಟು ಮರ ಬೆಳೆಯುವ ದೇಶದಲ್ಲಿ ಮನೆಗೊಂದು ಒಲೆ ಹಾಕಿಕೊಳ್ಳಲು ಏನು ರೋಗ?

ಇನ್ನೊಂದು ವಿಚಿತ್ರ. ಇಂಥ ಚಳಿಯಲ್ಲೂ ಬಿಳಿಯರ ಹುಡುಗರು ಬರಿಗಾಲಲ್ಲಿ ಓಡಾಡುತ್ತಾರೆ. ಮೂಲೆಯ ಅಂಗಡಿಗೆ ಅವರು ಡೈರಿ ಎನ್ನುತ್ತಾರೆ, ಅಲ್ಲಿಗೆ ಹಾಲು ತರಲು ಹೋದರೆ ಮುಂದೆ ನಿಂತವನ ಕಾಲಲ್ಲಿ ಚಪ್ಪಲಿ ಇಲ್ಲ. ದೊಡ್ಡ ಮಾಲಿನಲ್ಲೂ ಹಾಗೇ. ನನ್ನ ಚಪ್ಪಲಿ ತೊಳೆದವರ ದೇಶ ಇದೇನಾ ಎನ್ನಿಸಿತು. ಸರಿ ಎಂದು ನಾನೂ ಹಿತ್ತಲಿಗೆ ಬರಿಗಾಲಲ್ಲೇ ಇಳಿದು ಕೊತ್ತಂಬರಿಗೆ ಪಾತಿ ಮಾಡತೊಡಗಿದೆ.

ಟಿಕೆಟ್ಟು ಕಳಿಸಿದ್ದು ಯಾಕೆಂದು ಸುಜಾತ ನಾಲ್ಕನೇ ದಿನ ಬಾಯಿಬಿಟ್ಟಳು.

‘ಅವ್ವ, ಇವಳಿಗೆ ನೀನೊಂದು ಮಾತು ಹೇಳಬೇಕು. ಕಾಲೇಜಿಗೆ ಅರ್ಜಿ ಹಾಕೋ ಸಮಯ. ನರ್ಸಿಂಗ್ ತಗೋ, ಸೀಟೂ ಸಿಗುತ್ತೆ, ಕೆಲಸಾನೂ ಸಿಗುತ್ತೆ ಅಂದ್ರೆ ಗ್ರೀಸು ರೋಮು ಓದ್ತೀನಿ ಅಂತಾಳೆ.’

‘ಅದೇನು ರೋಮು?’

‘ಹಳೇ ಕಾಲದ ಸತ್ತವರ ವಿಷಯ ಅವ್ವ. ಅವರೇನು ಯೋಚನೆ ಮಾಡಿದ್ರು, ಏನು ಬರೆದ್ರು. ಇಲ್ಲಿ ಸ್ಕೂಲಲ್ಲೂ ಅದನ್ನೊಂದು ಪಾಠ ಅಂತ ಇಟ್ಟಿದ್ದಾರೆ. ಇವಳಿಗೆ ಅದರ ಹುಚ್ಚು ಹಿಡಿದಿದೆ. ನನ್ನ ಮಾತಿಗೆ ಬೆಲೆ ಇಲ್ಲ. ನೀನು ಬೈದ್ರೆ ಕೇಳ್ತಾಳೆ.’

‘ಬೈಯೋಕೆ ನನ್ನನ್ನ ವಿಮಾನದಲ್ಲಿ ಕರೆಸಿದೆಯಾ?’

‘ನಿನ್ನಷ್ಟು ಚೆನ್ನಾಗಿ ಇಲ್ಲಿ ಬೈಯೋರು ಯಾರಿದ್ದಾರೆ?’ ಎಂದಳು. ನಗಲಿಲ್ಲ.

ಅರ್ಜಿ ಕಂಪ್ಯೂಟರಿನಲ್ಲಂತೆ. ಅಪ್ಪ ಅಮ್ಮನ ಸಹಿ ಬೇಕಿಲ್ಲ. ಆದರೆ ಅಮ್ಮ ಒಪ್ಪದೆ ಬಟನ್ನು ಒತ್ತುವುದಿಲ್ಲ ಎಂದು ಹುಡುಗಿ ಕೂತಿದ್ದಾಳೆ, ನರ್ಸಿಂಗ್ ಎಂದು ತುಂಬದೆ ಒಪ್ಪುವುದಿಲ್ಲ ಎಂದು ತಾಯಿ ಕೂತಿದ್ದಾಳೆ. ಇನ್ನು ಮೂರು ವಾರ ಉಳಿದಿತ್ತು. ನಾನು ಮಗಳ ಕಡೆಯೇ ಇದ್ದೆ. ಸತ್ತವರ ಯೋಚನೆ ತಿಂದು ಯಾರ ಹೊಟ್ಟೆ ತುಂಬುತ್ತದೆ?

ಅದೇ ಮನೆ, ಹೀಟರಿನ ಮುಂದೆ

ಬೈಯುವ ಮೊದಲು ಏನಿದೆ ಎಂದು ತಿಳಿಯಬೇಕಲ್ಲ. ಸ್ಕೂಲಿನಿಂದ ಬಂದ ಹುಡುಗಿಯನ್ನು ಹೀಟರಿನ ಮುಂದೆ ಕೂರಿಸಿ, ‘ಏನೇ ಓದ್ತೀಯ, ನನಗೂ ಹೇಳು’ ಎಂದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನನ್ನ ಹತ್ತಿರ ಅದು ನಡೆಯದೆ ತುಂಡು ತುಂಡು ಕನ್ನಡದಲ್ಲಿ ಹೇಳಿದಳು. ಆ ತುಂಡುಗಳನ್ನು ನಾನು ಜೋಡಿಸಿ ಬರೆಯುತ್ತಿದ್ದೇನೆ.

ಗ್ರೀಸಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಮುದುಕನಿದ್ದನಂತೆ. ಹೆಸರು ಹೇಳಿದಳು, ನನ್ನ ನಾಲಗೆಗೆ ಕೂರಲಿಲ್ಲ. ಗಿಡ ಹೇಗೆ ಬದುಕುತ್ತದೆ, ಪ್ರಾಣಿ ಹೇಗೆ ಸಾಯುತ್ತದೆ, ಕೆಲವು ಬೇಗ ಕೆಲವು ತಡವಾಗಿ ಸಾಯುವುದು ಯಾಕೆ, ಎಲ್ಲ ಬರೆದಿಟ್ಟಿದ್ದಾನಂತೆ. ಅವನ ಲೆಕ್ಕದಲ್ಲಿ ಬದುಕು ಎಂದರೆ ಒಳಗಿನ ಬೆಂಕಿ. ಅದಕ್ಕೆ ಹಸಿ ಬೇಕು. ಹಸಿ ಆರಿದ ಹಾಗೆ ಬೆಂಕಿ ಸಣ್ಣದಾಗುತ್ತದೆ. ಒಣಗುವುದು, ತಣ್ಣಗಾಗುವುದು: ಅದೇ ಮುಪ್ಪು, ಅದು ಪೂರ್ತಿಯಾದರೆ ಸಾವು.

‘ಬೇಸಿಗೆಯಲ್ಲಿ ಎರಡು ದಿನ ನೀರು ಕಾಣದ ಸಸಿ ನೋಡಿದೋರಿಗೆಲ್ಲ ಇದು ಗೊತ್ತು. ಇದಕ್ಕೊಬ್ಬ ಪಂಡಿತ ಬೇಕಾ?’ ಎಂದೆ.

‘ವೇಟ್ ಅಜ್ಜಿ, ಇನ್ನೂ ಇದೆ. ಗಂಡಸರು ಜಾಸ್ತಿ ಬಿಸಿ. ಸೋ, ಹೆಂಗಸರಿಗಿಂತ ಜಾಸ್ತಿ ವರ್ಷ ಬದುಕ್ತಾರೆ.’

ನನಗೆ ಉರಿದುಹೋಯಿತು. ನಮ್ಮ ಕಸಿ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರಿದ್ದೆವು. ನಾನು ಕೆಲಸ ಬಿಡುವ ಹೊತ್ತಿಗೆ ಒಂಬತ್ತು ಜನರ ಗಂಡಂದಿರು ಮಣ್ಣು ಸೇರಿದ್ದರು. ಒಬ್ಬ ಕುಡಿದು, ಒಬ್ಬ ಲಾರಿಗೆ ಸಿಕ್ಕು, ನನ್ನವನು ಸುಮ್ಮನೆ ಜ್ವರ ಬಂದು. ನಾವು ಹನ್ನೊಂದೂ ಜನ ಗಟ್ಟಿಮುಟ್ಟಾಗಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು.

‘ಇವನು ಎಣಿಸಿ ನೋಡಿದ್ನೇನೇ? ಇವನಿಗೆ ಹೆಂಡ್ತಿ ಇದ್ಳಾ?’

‘ಇದ್ಳು. ಅವನಿಗಿಂತ ಮುಂಚೆ ಸತ್ತಳು.’

‘ನೋಡು. ಅದೊಂದನ್ನ ನೋಡಿ ಬರೆದುಬಿಟ್ಟ.’

ಹುಡುಗಿ ನಕ್ಕು ನಕ್ಕು ಹಿಂದಕ್ಕೆ ಬಿದ್ದಳು. ನಾನು ನಗಿಸಲು ಹೇಳಿದ್ದಲ್ಲ. ಎರಡು ಸಾವಿರ ವರ್ಷ ಜನ ಇದನ್ನು ಓದಿಕೊಂಡು ಬಂದಿದ್ದಾರಲ್ಲ, ಒಬ್ಬಳಾದರೂ ಎದ್ದು ನಿಂತು, ಅಯ್ಯಾ, ನಮ್ಮ ಬೀದಿಗೆ ಬಂದು ನೋಡು ಎನ್ನಲಿಲ್ಲವೇ?

ಅಷ್ಟಕ್ಕೇ ಮುಗಿಯಲಿಲ್ಲ. ಮುಪ್ಪಿನ ಸಾವಿಗೆ ನೋವಿಲ್ಲವಂತೆ. ಸಣ್ಣ ಕೆಂಡ ತಾನಾಗಿ ಆರಿದ ಹಾಗೆ, ಗೊತ್ತೂ ಆಗುವುದಿಲ್ಲವಂತೆ. ಗೊತ್ತಾಗದೆ ಇದ್ದದ್ದು ಪಕ್ಕದಲ್ಲಿ ಕೂತು ನೋಡಿದವನಿಗೆ. ನನ್ನ ಅತ್ತೆ ಎಂಬತ್ತು ದಾಟಿ ಸತ್ತಳು. ಯಾವ ಕಾಯಿಲೆಯೂ ಇರಲಿಲ್ಲ. ಹದಿನೇಳು ದಿನ ಕೂಗಿದಳು. ಮಗ್ಗುಲು ಬದಲಾಯಿಸಿದವಳು ನಾನು, ನನಗೆ ಗೊತ್ತು.

ಆಮೇಲೆ ಹುಡುಗಿ ಹೇಳಿದಳು: ಗಿಡಕ್ಕೆ ಬಾಯಿ ಇರುವುದು ಬೇರಿನಲ್ಲಿ. ನಾವು ಬಾಯಲ್ಲಿ ತಿಂದ ಹಾಗೆ ಅದು ಬೇರಿನಲ್ಲಿ ತಿನ್ನುತ್ತದೆ. ಎಂದಮೇಲೆ ಗಿಡ ಎಂದರೆ ತಲೆಯನ್ನು ಮಣ್ಣಿನಲ್ಲಿ ಹೂತುಕೊಂಡು ತಲೆಕೆಳಗಾಗಿ ನಿಂತ ಪ್ರಾಣಿ.

‘ಹಂಗಾದ್ರೆ ಹೂವು ಕಾಯಿ ಎಲ್ಲಿ ಬಿಡ್ತವೆ ಅಂತ ನೀನೇ ಲೆಕ್ಕ ಹಾಕು’ ಎಂದೆ. ಹುಡುಗಿ ಲೆಕ್ಕ ಹಾಕಿ ಕೆಂಪಾದಳು. ಅಡುಗೆಮನೆಯಿಂದ ಸುಜಾತ, ‘ಅವ್ವಾ, ಬೈ ಅಂದ್ರೆ ಪೋಲಿ ಮಾತು ಹೇಳಿಕೊಡ್ತಿದೀಯಾ?’ ಎಂದು ಕೂಗಿದಳು.

ಇಲ್ಲಿಯವರೆಗೆ ನನಗೆ ಅವನ ಮೇಲೆ ಕೋಪ ಮಾತ್ರ ಇತ್ತು. ಮುಂದಿನದನ್ನು ಕೇಳಿ ಹತ್ತಿರ ಸರಿದು ಕೂತೆ. ಗಿಡದ ಜೀವ ಬೇರೂ ಕಾಂಡವೂ ಕೂಡುವ ಜಾಗದಲ್ಲಿದೆ ಎಂದಿದ್ದಾನೆ. ಅಲ್ಲಿಂದ ಒಂದು ಮೇಲಕ್ಕೆ ಹೋಗುತ್ತದೆ, ಒಂದು ಕೆಳಕ್ಕೆ ಹೋಗುತ್ತದೆ. ಬೇಕಾದರೆ ಕಸಿ ಕಟ್ಟುವುದನ್ನು ನೋಡಿ, ಚಿಗುರಿನ ಕಣ್ಣು ಇರುವ ಜಾಗದಿಂದಲೇ ಎಲ್ಲ ಶುರುವಾಗುತ್ತದೆ ಎಂದಿದ್ದಾನೆ.

ಮಾವಿನ ಓಟೆ ಮೊಳೆತು, ಎಳೆ ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗ, ಓಟೆಯ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ನಡುವೆ ಸೀಳಿ, ಒಳ್ಳೆ ಮರದ ಕುಡಿಯನ್ನು ಅದರಲ್ಲಿ ಕೂರಿಸಿ ಕಟ್ಟುತ್ತೇವೆ. ಹೊಸಬರು ಮೇಲೆ ಮೇಲೆ ಕತ್ತರಿಸಿ ಕೆಡಿಸುತ್ತಾರೆ. ಕೆಳಗೆ, ಆ ಕೂಡುವ ಜಾಗದ ಹತ್ತಿರ ಹೋದಷ್ಟೂ ಜೀವ ಜಾಸ್ತಿ. ಇದು ಚಾಕು ಹಿಡಿದವರಿಗೆ ಮಾತ್ರ ಗೊತ್ತಾಗುವ ಸಂಗತಿ.

‘ಇವನು ಕಸಿ ಕಟ್ಟುತ್ತಿದ್ನಾ?’

‘ಇಲ್ಲ ಅಜ್ಜಿ. ಹಿ ವಾಸ್ ಎ ಟೀಚರ್.’

‘ಹಂಗಾದ್ರೆ ಯಾವುದೋ ತೋಟದಲ್ಲಿ ಯಾರೋ ಒಬ್ಬರು ಮಂಡಿಯೂರಿ ಕಟ್ಟುತ್ತಿದ್ರು. ಇವನು ನಿಂತು ನೋಡಿ ಹೋಗಿ ಬರೆದ. ಅವರ ಹೆಸರು ಬರೆದಿದಾನಾ?’

ಪುಸ್ತಕ ತಿರುವಿ ನೋಡಿದಳು. ಇರಲಿಲ್ಲ. ನನಗೆ ಹೆಂಡತಿಯ ವಿಷಯಕ್ಕಿಂತ ಇದಕ್ಕೆ ಹೆಚ್ಚು ಸಿಟ್ಟು ಬಂತು.

ಮುದುಕರ ಮನೆ

ಸುಜಾತ ಕೆಲಸ ಮಾಡುವುದು ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಜಾಗದಲ್ಲಿ. ಒಂದು ದಿನ ನನ್ನನ್ನೂ ಹುಡುಗಿಯನ್ನೂ ಕರೆದುಕೊಂಡು ಹೋದಳು. ಕೆಲಸದ ಬೆಲೆ ಹುಡುಗಿಯ ಕಣ್ಣಿಗೆ ಬೀಳಲಿ ಎಂದು.

ಅಲ್ಲಿ ಮಾತ್ರ ಬೆಚ್ಚಗಿತ್ತು. ಸಾಲಾಗಿ ಕುರ್ಚಿ, ಕುರ್ಚಿಗೊಬ್ಬಳು ಮುದುಕಿ, ಮಂಡಿಯ ಮೇಲೆ ಕಂಬಳಿ. ಇಪ್ಪತ್ತು ಕುರ್ಚಿಯಲ್ಲಿ ಗಂಡಸರು ಮೂವರು. ನಾನು ಹುಡುಗಿಯನ್ನು ತಿವಿದೆ. ‘ಎಣಿಸು. ನಿನ್ನ ಮುದುಕನಿಗೆ ಕಾಗದ ಬರಿ.’ ಬಿಸಿ ದೇಶದವರು ಚಳಿ ದೇಶದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದೂ ಅವನು ಬರೆದಿದ್ದನಂತೆ. ಕಿಟಕಿಯ ಹತ್ತಿರ ಕೂತವಳಿಗೆ ತೊಂಬತ್ತೇಳು ಎಂದಳು ಸುಜಾತ. ಚಳಿಯಲ್ಲೇ ಹುಟ್ಟಿ ಚಳಿಯಲ್ಲೇ ಬೆಳೆದವಳು.

ಕಿಟಕಿಯಲ್ಲಿ ಹೂಕುಂಡಗಳಿದ್ದವು. ಹತ್ತಿರ ಹೋಗಿ ಎಲೆ ಮುಟ್ಟಿದೆ, ಪ್ಲಾಸ್ಟಿಕ್. ಎಲ್ಲವೂ ಪ್ಲಾಸ್ಟಿಕ್. ಮಣ್ಣಿನ ಕುಂಡ ಇಟ್ಟರೆ ಸೋಂಕು ಆಗುತ್ತದಂತೆ, ಎಲೆ ಬಾಡಿದರೆ ಅವರಿಗೆ ಬೇಜಾರಾಗುತ್ತದಂತೆ. ತೊಂಬತ್ತೇಳು ವರ್ಷ ಬದುಕಿದವಳು ಒಂದು ಎಲೆ ಬಾಡುವುದನ್ನು ನೋಡಿರುವುದಿಲ್ಲವೇ? ಇದನ್ನು ಹೇಳಿದರೆ ಸುಜಾತಳಿಗೆ ಕೋಪ ಬಂತು.

‘ನಾನಿಲ್ಲಿ ದಿನಕ್ಕೆ ನೂರು ಸಲ ಕೈ ತೊಳೀತೀನಿ ಅವ್ವ. ಒಂದು ಸಣ್ಣ ಸೋಂಕು ಬಂದ್ರೂ ಇವರು ಉಳಿಯಲ್ಲ. ನಿನಗೆ ತಮಾಷೆ.’

ಅವಳು ಒಬ್ಬ ಮುದುಕನನ್ನು ಎತ್ತಿ ಕೂರಿಸುವುದನ್ನು ನೋಡಿದೆ. ಚೆನ್ನಾಗಿ ಎತ್ತಿದಳು. ಆ ಕೆಲಸ ಸುಳ್ಳಲ್ಲ. ಹೊರಗೆ ಬಂದು ಹುಡುಗಿಗೆ ಹೇಳಿದೆ, ‘ನಿಮ್ಮಮ್ಮ ಹೇಳಿದ್ದೇ ಸರಿ ಕಣೇ. ಇದನ್ನ ಓದು. ಆ ಗ್ರೀಸಿನವನು ಇವರಲ್ಲಿ ಒಬ್ಬರನ್ನೂ ಎತ್ತಿದವನಲ್ಲ.’

 ಹುಡುಗಿ ಎರಡು ದಿನ ಹೀಟರಿನ ಮುಂದೆ ಬರಲಿಲ್ಲ.

ಕೌರಿ ಕಾಡು

ಅರ್ಜಿಗೆ ಎರಡು ದಿನ ಉಳಿದಿತ್ತು. ಶನಿವಾರ ಅಳಿಯ ಕಾರು ತೆಗೆದ. ಊರಿನ ಪಶ್ಚಿಮಕ್ಕೆ ಕಾಡಿದೆ, ಅಲ್ಲಿ ಕೌರಿ ಎಂಬ ಮರ, ಸಾವಿರ ವರ್ಷ ಬದುಕುತ್ತದೆ, ನೋಡದೆ ಹೋಗಬೇಡಿ ಎಂದ. ಅವನು ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ. ನಾನು ಬೆಳಿಗ್ಗೆ ಪಾತಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೊರಡಿ ಹೊರಡಿ ಎಂದು ಅವಸರ ಮಾಡಿದರು. ಕಾಲನ್ನು ಸೆರಗಿನಲ್ಲಿ ಒರೆಸಿಕೊಂಡು, ಮಗಳು ಕೊಡಿಸಿದ ಕಾಲುಚೀಲ ಬೂಟು ಹಾಕಿಕೊಂಡೆ.

ಕಾಡಿನ ಬಾಗಿಲಲ್ಲೇ ಮತ್ತೆ ಅದೇ ಶಾಸ್ತ್ರ. ಕಂಬಕ್ಕೆ ಬ್ರಷ್ಷು, ಒಂದು ಔಷಧಿಯ ನೀರು, ಬೂಟಿನ ಚಿತ್ರ ಬರೆದ ಬೋರ್ಡು. ಅಟ್ಟೆ ತಿಕ್ಕಿ, ಔಷಧಿಯಲ್ಲಿ ಒತ್ತಿ ಮುಂದೆ ಹೋಗಬೇಕು. ಮರಗಳಿಗೆ ಯಾವುದೋ ರೋಗ ಬಂದು ಸಾಯುತ್ತಿವೆ, ಮಣ್ಣಿನಲ್ಲಿ ಹರಡುತ್ತದೆ ಎಂದ ಅಳಿಯ. ಈ ದೇಶಕ್ಕೆ ನನ್ನ ಕಾಲಿನ ಮೇಲೆ ಏನು ಕಣ್ಣು ಎಂದು ಬೈದುಕೊಂಡೇ ತಿಕ್ಕಿದೆ.

ಮರದ ಹಲಗೆಯ ದಾರಿಯಲ್ಲಿ ಸ್ವಲ್ಪ ದೂರ ನಡೆದು ತಲೆಯೆತ್ತಿದೆ. ಎಂಥ ಮರ ಎಂದು ಹೇಳಲಿ. ನಾನು ಮರಗಳ ನಡುವೆ ಆಯುಸ್ಸು ಕಳೆದವಳು, ಸುಲಭಕ್ಕೆ ಬೆರಗಾಗುವವಳಲ್ಲ. ಬೂದು ಬಣ್ಣದ ಕಾಂಡ, ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದು. ನೆಲದಿಂದ ಎಷ್ಟೋ ಎತ್ತರದವರೆಗೆ ಒಂದು ಗೆಣ್ಣಿಲ್ಲ, ಒಂದು ಕೊಂಬೆಯಿಲ್ಲ. ನಮ್ಮ ಕಡೆ ಇದರ ಕಾಲು ಭಾಗದ ಮರ ಇದ್ದರೆ ಅರಿಶಿನ ಕುಂಕುಮ ಬಿದ್ದಿರುತ್ತಿತ್ತು. ಇಂಥದರ ಮುಂದೆ ಬೂಟು ಹಾಕಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ. ಕೂತು ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ. ಕಟಕಟೆಯ ಕೆಳಗಿನಿಂದ ತೂರಿ ನೆಲಕ್ಕೆ ಇಳಿದೆ. ಮಗಳು ಅಳಿಯ ಮೇಲೆ ನೋಡಿಕೊಂಡು ಫೋಟೋ ತೆಗೆಯುತ್ತಿದ್ದರು. ನೆಲ ಹಾಸಿಗೆಯ ಹಾಗೆ ಮೆತ್ತಗಿತ್ತು. ಮೂರು ಹೆಜ್ಜೆ ಹೋಗಿ ಮರವನ್ನು ಮುಟ್ಟಿ ಕೈ ಮುಗಿದೆ. ಇನ್ನು ಸುತ್ತು ಬರಬೇಕು.

‘ಅಜ್ಜಿ! ಸ್ಟಾಪ್! ಬಾಯಿ!’

ನಿಧಿ ಕಿರುಚಿದ ರೀತಿಗೆ ಹಾವೇ ಇರಬೇಕು ಎಂದು ನಿಂತೆ.

‘ಅದರ ಬಾಯಿ ಮೇಲೆ ನಿಂತಿದೀಯ ಅಜ್ಜಿ! ಬೇರು ಎಲ್ಲ ಮೇಲೇ ಇದೆ! ನಿನ್ನ ಕಾಲಲ್ಲಿ ಮಣ್ಣಿದೆ!’

ಕೆಳಗೆ ನೋಡಿದೆ. ಎಲೆಯ ಹಾಸಿಗೆಯನ್ನು ನನ್ನ ಹಿಮ್ಮಡಿ ಒತ್ತಿ ಸರಿಸಿತ್ತು. ಅದರಡಿ ನೂಲಿನಂಥ ಬೇರು, ಬಲೆ ನೇಯ್ದ ಹಾಗೆ. ಅದರ ಮೇಲೆ ನನ್ನ ಒಡೆದ ಹಿಮ್ಮಡಿ. ಒಡಕಿನ ತುಂಬ ಮನುಕಾವಿನ ಹಿತ್ತಲಿನ ಕಪ್ಪು ಮಣ್ಣು. ಬೂಟು ತಿಕ್ಕಿದ್ದೆ. ಬೂಟಿನ ಒಳಗಿದ್ದದ್ದನ್ನು ತಿಕ್ಕಿರಲಿಲ್ಲ.

ಅಷ್ಟರಲ್ಲಿ ಕೇಸರಿ ಕೋಟಿನ ಒಬ್ಬ ಹೆಂಗಸು ಓಡಿಬಂದಳು. ನನ್ನಷ್ಟೇ ವಯಸ್ಸು, ನನಗಿಂತ ದಪ್ಪ. ಸಂಬಳವಿಲ್ಲದೆ ಮರ ಕಾಯುವವಳಂತೆ. ಬಂದವಳೇ ಬೈಯತೊಡಗಿದಳು. ಬೈಗುಳಕ್ಕೆ ಭಾಷೆ ಬೇಡ. ನಾನೂ ಬಿಡಲಿಲ್ಲ.

‘ಬೂಟಿನ ಚಿತ್ರ ಬರೆದಿದ್ದೀರಿ, ಪಾದದ ಚಿತ್ರ ಎಲ್ಲಿದೆ ಅಂತ ಕೇಳೇ! ನಿಮ್ಮ ಹುಡುಗರು ಅಂಗಡಿಗೆಲ್ಲ ಬರಿಗಾಲಲ್ಲಿ ಹೋಗ್ತಾರೆ, ನಾನು ದೇವರ ಮುಂದೆ ಬಿಚ್ಚಿದ್ರೆ ತಪ್ಪಾ ಅಂತ ಕೇಳು!’

ನಿಧಿ ಅರ್ಧ ಹೇಳಿದಳು, ಅರ್ಧ ನುಂಗಿದಳು. ನಮ್ಮಜ್ಜಿ ಮೂವತ್ತೆಂಟು ವರ್ಷ ಕಸಿ ಕಟ್ಟಿದವರು, ಗಿಡಕ್ಕೆ ಕೇಡು ಮಾಡುವವರಲ್ಲ ಎಂದು ತನ್ನದೂ ಸೇರಿಸಿದಳು. ಆ ಹೆಂಗಸು ಬೈಯುವುದನ್ನು ನಿಲ್ಲಿಸಿ ನನ್ನ ಕೈ ನೋಡಿದಳು. ಎಡಗೈ ಹೆಬ್ಬೆರಳಲ್ಲಿ ಚಾಕುವಿನ ಗೆರೆಗಳಿವೆ. ಆಮೇಲೆ ಒಂದು ಮಾತು ಕೇಳಿದಳು. ನಿಧಿ ತಿರುಗಿಸಿ ಹೇಳಲು ಹಿಂದೆಮುಂದೆ ನೋಡಿದಳು.

‘ಹೇಳೇ, ಏನಂದ್ಳು?’

‘ನಾನು ಈ ಥರ ಕಾಲಲ್ಲಿ ನಿಮ್ಮ ಕಸಿ ಶೆಡ್ಡಿಗೆ ಬಂದ್ರೆ ನೀವು ಬಿಡ್ತಿದ್ರಾ, ಅಂತ.’

ನಾನು ನನ್ನ ಹಿಮ್ಮಡಿ ನೋಡಿಕೊಂಡೆ.

ನಮ್ಮ ಶೆಡ್ಡಿನ ಬಾಗಿಲಲ್ಲಿ, ಕಾಲೊರೆಸಿ ಒಳಗೆ ಬರಲೆಂದು, ಮೈಲುತುತ್ತದ ನೀರಿನಲ್ಲಿ ನೆನೆಸಿದ ಗೋಣಿತಾಟು ಹಾಸಿರುತ್ತಿತ್ತು. ಹಾಸುತ್ತಿದ್ದವಳು ನಾನು. ಒಂದು ವರ್ಷ ನಿಂಬೆ ಪಾತಿಯಲ್ಲಿ ಬೇರು ಕೊಳೆ ರೋಗ ಬಂದು ಇಡೀ ಸಾಲು ಸುಟ್ಟ ಹಾಗೆ ಹೋದದ್ದನ್ನು ಕಂಡಮೇಲೆ, ಕೆಸರುಗಾಲಲ್ಲಿ ಒಳಗೆ ಬಂದ ಸಾಹೇಬರ ಡ್ರೈವರನ್ನು ಕತ್ತು ಹಿಡಿದು ಆಚೆ ನೂಕಿದವಳೂ ನಾನೇ. ಈ ಮರಗಳಿಗೆ ಬಂದಿರುವುದೂ ಬೇರು ಕೊಳೆಯೇ. ಕಾಂಡದ ಬುಡದಲ್ಲಿ ಅಂಟು ಸುರಿಯುತ್ತದೆ, ತುದಿ ಒಣಗುತ್ತದೆ ಎಂದು ಆಕೆ ಹೇಳುವ ಮೊದಲೇ ನನಗೆ ಗೊತ್ತಾಯಿತು. ವಿಮಾನ ನಿಲ್ದಾಣದಲ್ಲಿ ಅಷ್ಟು ಹಾರಾಡಿದವಳು ಅದನ್ನೆಲ್ಲ ಎಲ್ಲಿ ಬಿಟ್ಟಿದ್ದೆ? ಇನ್ನೊಬ್ಬರ ಕಾಲಿನ ಮಣ್ಣು ನನಗೆ ರೋಗವಾಗಿ ಕಂಡಿತ್ತು. ನನ್ನ ಕಾಲಿನದು ಬರಿಯ ಮಣ್ಣಾಗಿ ಕಂಡಿತ್ತು.

ಆಕೆ ನನ್ನನ್ನು ಹಲಗೆಯ ಮೇಲೆ ಕೂರಿಸಿ, ಸೋಪಿನ ನೀರು ಹಾಕಿ ಹಿಮ್ಮಡಿಯ ಒಡಕುಗಳನ್ನು ಬ್ರಷ್ಷಿನಲ್ಲಿ ತಿಕ್ಕಿದಳು. ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಟಬ್ಬು ಇಟ್ಟಿದ್ದಳು. ಚಳಿಗೆ ಕಾಲು ಮರಗಟ್ಟಿತು. ನಾನು ಕಾಲು ಎಳೆದುಕೊಳ್ಳಲಿಲ್ಲ.

‘ಮರಕ್ಕೆ ಏನಾದ್ರೂ ಆಗ್ತದಾ ಅಂತ ಕೇಳು.’

ನಿಮ್ಮ ಹಿತ್ತಲಲ್ಲಿ ಕೌರಿ ಇಲ್ಲದಿದ್ದರೆ ಬಹುಶಃ ಏನೂ ಆಗದು ಎಂದಳಂತೆ. ಆದರೆ ಆಗಿದ್ದರೂ ಕಾಣಿಸಿಕೊಳ್ಳಲು ವರ್ಷಗಳು ಬೇಕು. ಕಾಣಿಸಿಕೊಂಡಮೇಲೆ ವಾಸಿ ಮಾಡುವ ಮದ್ದಿಲ್ಲ. ಮರ ಸತ್ತರೂ ಬದುಕಿದರೂ ಆ ಹೊತ್ತಿಗೆ ನಾನಿರುವುದಿಲ್ಲ. ಇದನ್ನು ಯಾರ ಮೇಲೂ ಹಾಕಿ ಬೈಯುವ ಹಾಗಿಲ್ಲ ಎಂಬುದೇ ನನಗೆ ಬಂದ ದೊಡ್ಡ ಸಿಟ್ಟು.

ಮತ್ತೆ ಮನುಕಾವ್

ಮರುದಿನ ಭಾನುವಾರ. ಸುಜಾತಳಿಗೆ ಮಧ್ಯಾಹ್ನದ ಡ್ಯೂಟಿ. ತಿಂಡಿ ತಿನ್ನುವಾಗಲೇ ಶುರುಮಾಡಿದಳು.

‘ಅವ್ವ, ನಾಳೆ ಕೊನೆ ದಿನ. ಇವಳ ಮುಂದೇನೇ ಒಂದು ಮಾತು ಹೇಳಿಬಿಡು.’

ಹುಡುಗಿ ತಟ್ಟೆ ನೋಡುತ್ತಿದ್ದಳು. ಅಳಿಯ ಪೇಪರು ನೋಡುತ್ತಿದ್ದ.

‘ಓದಲಿ ಬಿಡು’ ಎಂದೆ.

‘ಏನನ್ನ?’

‘ಅವಳು ಕೇಳಿದ್ದನ್ನ.’

ಸುಜಾತ ಲೋಟ ಕುಕ್ಕಿದಳು. ‘ಮೊನ್ನೆ ತಾನೇ ನರ್ಸಿಂಗ್ ಓದು ಅಂದೋಳು ನೀನು!’

‘ಅಂದೆ. ನಿನ್ನೆ ಅಲ್ಲಿ ಎಷ್ಟು ಜನ ದೊಡ್ಡೋರಿದ್ವಿ? ದಿನಕ್ಕೆ ನೂರು ಸಲ ಕೈ ತೊಳೆಯೋ ನೀನಿದ್ದೆ. ಬೇರು ಕಾದೇ ಮುದುಕಿ ಆದ ನಾನಿದ್ದೆ. ಕಾಲು ಎಲ್ಲಿ ಇಡ್ತಿದೀನಿ ಅಂತ ಯಾರಿಗೆ ಕಾಣಿಸ್ತು?’

‘ಅದು ಅಕಸ್ಮಾತ್ತು ಅವ್ವ. ಅದಕ್ಕೂ ಇದಕ್ಕೂ ಏನು?’

‘ಅಕಸ್ಮಾತ್ತಲ್ಲ. ಆ ಮುದುಕ ಹೇಳಿದ್ದು ಅವಳ ತಲೇಲಿತ್ತು. ನನಗೆ ಅಲ್ಲಿ ದೇವರು ಕಂಡ. ನಿಮಗೆ ಫೋಟೋ ಕಾಣಿಸ್ತು. ಅವಳಿಗೆ ಒಂದು ಜೀವ ಉಣ್ಣುತ್ತಿರೋದು ಕಾಣಿಸ್ತು. ಆ ಮುದುಕ ಹೇಳಿದ್ರಲ್ಲಿ ಮುಕ್ಕಾಲು ಸುಳ್ಳು. ಆದ್ರೆ ಅವನು ಅದನ್ನ ನೋಡಿ ಬರೆದಿಟ್ಟ, ಇವಳು ಅದನ್ನ ಓದಿ ನನ್ನನ್ನ ತಡೆದ್ಳು. ನಾನು ಮೂವತ್ತೆಂಟು ವರ್ಷದಲ್ಲಿ ಬರೆದಿದ್ದೇನು? ಗಿಡಕ್ಕೆ ಕಟ್ಟೋ ತಗಡಿನ ಚೀಟಿ. ಜಾತಿ, ತಾರೀಕು. ನನಗೆ ಗೊತ್ತಿದ್ದದ್ದು ನನ್ನ ಸಮಯಕ್ಕೇ ಒದಗಲಿಲ್ಲ.’

‘ನಾಳೆ ಕೆಲಸ ಸಿಗದಿದ್ರೆ?’

‘ಸಿಗದಿದ್ರೆ ಬೈಯಿ. ಆಗ ನಾನಿರಲ್ಲ. ನನ್ನ ಪಾಲಿಂದೂ ಸೇರಿಸಿ ನೀನೇ ಬೈಯಿ.’

‘ನಿನ್ನನ್ನ ಕರೆಸಿದ್ದೇ ನನ್ನ ತಪ್ಪು’ ಎಂದು ಸುಜಾತ ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ, ತಿರುಗಿ ಮಗಳನ್ನು ನೋಡಿ, ‘ಒತ್ಕೋ ಹೋಗು. ಆಮೇಲೆ ನನ್ನ ಮುಂದೆ ಬಂದು ಅಳಬೇಡ’ ಎಂದಳು. ಬಾಗಿಲು ಹಾಕಿದ ರಭಸಕ್ಕೆ ಮರದ ಮನೆ ಅದುರಿತು. ನನ್ನ ಜೊತೆ ಅವಳು ನಾಲ್ಕು ದಿನ ಮಾತಾಡಲಿಲ್ಲ. ಅವಳ ಭಯ ಸುಳ್ಳೆಂದು ನಾನು ಹೇಳುವುದಿಲ್ಲ.

ಹುಡುಗಿ ಬಟನ್ನು ಒತ್ತಿಬಂದಳು. ಕುಣಿಯಲಿಲ್ಲ, ತಬ್ಬಲಿಲ್ಲ, ನೋಟ್‌ಪುಸ್ತಕ ಹಿಡಿದು ನನ್ನ ಎದುರು ಕೂತಳು. ಸ್ಕೂಲಿಗೆ ಆ ಮುದುಕನ ಬಗ್ಗೆ ಕೊನೆಯದೊಂದು ಲೇಖನ ಬರೆಯಬೇಕಿತ್ತಂತೆ.

‘ಅಜ್ಜಿ, ಕುಡಿ ಕಟ್ ಮಾಡಿದಮೇಲೆ, ಇನ್ನೊಂದು ಗಿಡಕ್ಕೆ ಕಟ್ಟೋಕೆ ಮುಂಚೆ, ಅದು ಸತ್ತಿರುತ್ತಾ ಬದುಕಿರುತ್ತಾ?’

ಮೂವತ್ತೆಂಟು ವರ್ಷದಲ್ಲಿ ಯಾವ ಸಾಹೇಬರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಯೋಚಿಸಿ ಹೇಳಿದೆ. ಅವಳು ಬರೆದುಕೊಂಡು ಓದಿ ಕನ್ನಡದಲ್ಲಿ ಹೇಳಿದಳು: ಕುಡಿ ಸಾಯುತ್ತದೆ, ಹೊಸ ಗಿಡ ಅದನ್ನು ಬದುಕಿಸುತ್ತದೆ.

‘ತಪ್ಪು. ಹೊಡೆದುಹಾಕು. ಸತ್ತಿದ್ದನ್ನ ಯಾವ ಗಿಡಾನೂ ಬದುಕಿಸಲ್ಲ. ಸತ್ತ ಕುಡಿ ಕಟ್ಟಿದ್ರೆ ಕಡ್ಡಿ ಕಟ್ಟಿದ ಹಂಗೆ. ನಾವು ಕಟ್ಟೋದು ಸಾಯ್ತಾ ಇರೋದನ್ನ. ಪೂರ್ತಿ ಸಾಯೋದ್ರೊಳಗೆ ಕಟ್ಟಬೇಕು. ಅಷ್ಟೇ ಕೆಲಸ.’

ಅವಳು ಹೊಡೆದುಹಾಕಿ ಮತ್ತೆ ಬರೆದಳು. ‘ಎಷ್ಟು ಹೊತ್ತು ಟೈಮ್ ಇರುತ್ತೆ?’

‘ಕೈಯಲ್ಲಿ ಹಿಡಿದ್ರೆ ಗೊತ್ತಾಗ್ತದೆ.’

‘ಅದನ್ನ ಹೇಗೆ ಬರೀಲಿ ಅಜ್ಜಿ?’

ನನಗೂ ಗೊತ್ತಿರಲಿಲ್ಲ. ಬೇಲಿಯ ಹತ್ತಿರ ಒಂದು ನಿಂಬೆ ಗಿಡ ಇತ್ತು. ಪುಸ್ತಕ ಮುಚ್ಚು, ಅಡುಗೆಮನೆಯಿಂದ ಹರಿತವಾದ ಚಾಕು ಒಂದು ತಗೊಂಡು ಬಾ ಎಂದೆ. ಕುಡಿ ಕೊಯ್ಯುವ ಮೊದಲನೇ ಸಲಕ್ಕೇ ಎಡಗೈ ಹೆಬ್ಬೆರಳು ಕೊಯ್ದುಕೊಂಡಳು. ಎಲ್ಲರೂ ಅಲ್ಲೇ ಕೊಯ್ದುಕೊಳ್ಳುತ್ತಾರೆ. ಬಟ್ಟೆ ಸುತ್ತಿ, ಇನ್ನೊಂದು ಕುಡಿ ಕೊಯ್ಯಿ ಎಂದೆ.